ಬೆನ್ನಿಗಂಟಿದ ಅಕ್ಕಿ ಡಬ್ಬಿ

"ನಿನ್ನ ಬ್ಯಾಗು ಬೇರೆಯವರ ಹೆಗಲೇರಿದರೆ ಹಿಮಾಲಯದ ಆಸೆ ಬಿಟ್ಟುಬಿಡು," ಎಂದ ಗಿರಿಧರ. ಸೂರತ್‌ನ ವಿಮಾ ಕಚೇರಿಯ ನೌಕರನಾದ ಅವನೇ ಹಿಮಾಲಯಕ್ಕೆ ಹೊರಟಿದ್ದ ಚಾರಣ ತಂಡದ ನಾಯಕ. ಡಾಂಗ್ ಕಾಡಿನ ಈ ಬೆಟ್ಟ ಹತ್ತಿಳಿಯುವುದೇ ಪರೀಕ್ಷೆ.

ವಡೋದರಾದ ಮಂಜಲ್‌ಪುರದಿಂದ ಬಂದಿದ್ದ ವಿಂಧ್ಯಾಳಿಗೆ ಮೈ ಉರಿಯಿತು. "ನೋಡೇಬಿಡೋಣ ಸರ್," ಎಂದು ಸೊಂಟಪಟ್ಟಿಯ ದೊಡ್ಡ ಬ್ಯಾಗನ್ನು ಬೆನ್ನಿಗೇರಿಸಿದಳು. ಅಕ್ಕಿ, ಬೇಳೆ ಎಲ್ಲ ಅದರಲ್ಲೇ. ತಂಡದ ಇನ್ನೊಬ್ಬ, ಅಹಮದಾಬಾದಿನ ವಾಮನ ತಂದದ್ದು ಒಂದು ದಿನದ ತಿರುಗಾಟಕ್ಕೆ ಸಾಲುವ ಪುಟ್ಟ ಬ್ಯಾಗು.

ಆಗಷ್ಟೇ ಮಳೆಗಾಲ ಮುಗಿದಿತ್ತು. ತೇಗದ ಅಗಲ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬಿದಿರು ಮೆಳೆಗಳ ನಡುವಿನ ಕಾಲುದಾರಿ ಕೆಸರಾಗಿ, ಮೇಲೆ ಹೋದಂತೆ ಕಡಿದಾಗುತ್ತಿತ್ತು.

ಬ್ಯಾಗು ಅವಳನ್ನು ಹಿಂದಕ್ಕೆ ಎಳೆಯಿತು. ಕಾಲು ಜಾರಿತು. ಧೊಪ್ಪನೆ ಬಿದ್ದಳು!

"ಕೊಡಮ್ಮ ಇಲ್ಲಿ," ವಾಮನ ಕೈಚಾಚಿದ.

"ಮುಟ್ಟಬೇಡಿ ವಾಮನಣ್ಣ!"

ಬಂಡೆಯ ಮೇಲೆ ಕೂತು ಎಲ್ಲವನ್ನೂ ಹೊರಗೆ ಸುರಿದಳು. ಅಪ್ಪನ ಬ್ಯಾಂಕ್ ನೌಕರಿಯ ವರ್ಗಾವಣೆಗಳ ಹಿಂದೆ ರೈಲಲ್ಲೇ ಬೆಳೆದ ಹುಡುಗಿ. ರೈಲಿಗೆ ಕಟ್ಟಿದಂತೆಯೇ ಕಟ್ಟಿದ್ದಳು: ಇಸ್ತ್ರಿ ಬಟ್ಟೆ ಒಳಗೆ ಬೆಚ್ಚಗೆ, ಭಾರದ ಸ್ಟೀಲ್ ಡಬ್ಬಿಗಳೆಲ್ಲ ಕೈಗೆ ಸಿಗುವಂತೆ ಹೊರಜೇಬುಗಳಲ್ಲಿ. ಥತ್! ತುಂಬಿದ ಕೊಡವನ್ನು ಯಾರಾದರೂ ಕೈ ಚಾಚಿ ಹೊರುತ್ತಾರೆಯೇ? ಸೊಂಟಕ್ಕೆ ಒತ್ತಿಕೊಂಡೇ ಅಲ್ಲವೇ?

ಹಾಸಿಗೆ ತಳಕ್ಕೆ ಹೋಯಿತು. ಅಕ್ಕಿ ಡಬ್ಬಿ ನಡುವೆ, ಬೆನ್ನಿಗೆ ಅಂಟಿಕೊಂಡು. ಇಸ್ತ್ರಿ ಬಟ್ಟೆಗಳನ್ನು ಮುದ್ದೆ ಮಾಡಿ ಸಂದಿಗಳಿಗೆ ತುರುಕಿದಳು, ರೇನ್‌ಕೋಟನ್ನು ಮೇಲಿಟ್ಟಳು. ಸೊಂಟಪಟ್ಟಿ ಬಿಗಿದಾಗ ಹೆಗಲು ಹಗುರಾಯಿತು.

"ಸರ್, ನಾನು ತಪ್ಪಾಗಿ ತುಂಬಿದ್ದು ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?"

ಗಿರಿಧರ ನಕ್ಕ. ಅವಳು ಅವನನ್ನು ದಾಟಿ ಮುಂದೆ ಹೋದಳು. ತುದಿ ಮುಟ್ಟಿದವಳೂ ಅವಳೇ ಮೊದಲು.

ಇಳಿಯುವಾಗ ಹಳ್ಳ ಅಡ್ಡ ಬಂತು. ನೀರು ರಭಸವಾಗಿತ್ತು.

"ಸೊಂಟಪಟ್ಟಿ ಬಿಚ್ಚಿ! ಬಿದ್ದರೆ ಬ್ಯಾಗು ಥಟ್ಟನೆ ಕಳಚುವಂತಿರಬೇಕು!" ಗಿರಿಧರ ಕೂಗಿದ.

ನಡುನೀರಲ್ಲಿ ವಾಮನನ ಕಾಲು ಕಲ್ಲುಗಳ ಸಂದಿಗೆ ಸಿಕ್ಕಿತು. "ಅಯ್ಯಯ್ಯೋ!" ಎಂದು ಕಿರುಚಿದ. ವಿಂಧ್ಯಾ ಅವನ ತೋಳು ಹಿಡಿದಳು. ಪಟ್ಟಿ ಬಿಚ್ಚಿದ್ದರೂ ಅವಳ ಬ್ಯಾಗು ಅಲುಗಲಿಲ್ಲ. ಗಿರಿಧರನೂ ಕೈಜೋಡಿಸಿದ. ಇಬ್ಬರೂ ಸೇರಿ ಅವನನ್ನು ದಡಕ್ಕೆ ಎಳೆದರು.

ಅವನ ಪಾದ ಊದಿತ್ತು. ವಿಂಧ್ಯಾ ಅವನ ಪುಟ್ಟ ಬ್ಯಾಗನ್ನು ಎದೆಗೆ ಹಾಕಿಕೊಂಡಳು. ಅವನು ಗಿರಿಧರನ ಹೆಗಲು ಹಿಡಿದು ಕುಂಟುತ್ತಾ ಬಂದ. ಅಂತೂ ಮೂವರೂ ಬಸ್ಸಿನ ರಸ್ತೆ ಸೇರಿದರು.

"ಗೆದ್ದೆ ಕಣಮ್ಮ. ಹಿಮಾಲಯಕ್ಕೆ ಬಾ," ಎಂದ ಗಿರಿಧರ.

"ವಾಮನಣ್ಣ?"

"ಅವನು ಬರ್ತಾನಪ್ಪ, ಅದರಲ್ಲೇನಿದೆ?"

"ಅವರ ಬ್ಯಾಗು ನನ್ನ ಹೆಗಲ ಮೇಲಿದೆ ಸರ್. ಷರತ್ತು ನನಗೊಬ್ಬಳಿಗೇನಾ?"

ವಾಮನ ನೆಲ ನೋಡಿದ. ಗಿರಿಧರನ ಮುಖ ಕೆಂಪಾಯಿತು.

"ತಪ್ಪಾಯ್ತು," ಎಂದ ಕೊನೆಗೆ. "ಇನ್ನು ಯಾರಿಗೂ ಷರತ್ತಿಲ್ಲ."

ಆಗ ವಿಂಧ್ಯಾ ಎರಡೂ ಬ್ಯಾಗುಗಳನ್ನು ಕೆಳಗಿಳಿಸಿದಳು.