ದೋಣಿ ಮೂಳೆ

ಮೆಡಿಕಲ್ ಕಾಲೇಜಿನ ನೆಲಮಾಳಿಗೆಯಲ್ಲಿ ಮೂಳೆಗಳ ಕೋಣೆ. ಅದರ ಬೀಗದ ಕೈ ಇದ್ದದ್ದು ಒಬ್ಬಳ ಸೆರಗಿನಲ್ಲಿ. ವಿದ್ಯಾರ್ಥಿಗಳು ಅವಳನ್ನು ಮೂಳೆಯಕ್ಕ ಅನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೇಜಿನ ಮೇಲಿನ ಮೂಳೆಗಳಿಗೆ ಕೈಮುಗಿಯುವಳು. ಯಾವ ತಾಯಿ ಹೆತ್ತ ಮೈಯೋ, ಸತ್ತ ಮೇಲೂ ಮಕ್ಕಳಿಗೆ ಪಾಠ ಹೇಳಲು ಬಂದಿದೆಯಲ್ಲ ಎಂದು.

ಆ ಮೂಳೆಗಳನ್ನು ತಂತಿಯಲ್ಲಿ ಪೋಣಿಸಿ ಎಬ್ಬಿಸಿ ನಿಲ್ಲಿಸಲು ಬಂದವನು ತಂತಿಯವನು. ಅವಳು ಒಂದೊಂದನ್ನೇ ಒರೆಸಿ ಕೊಡುವಳು, ಅವನು ತೂತು ಕೊರೆದು ಕಟ್ಟುವನು. ಬೆರಳಿಗೆ ಬೆರಳು ತಾಕಿದರೆ ಇಬ್ಬರೂ ಮೂಳೆಯನ್ನೇ ನೋಡುವರು, ಅದರಲ್ಲೇ ಏನೋ ಬರೆದಿದೆ ಎಂಬಂತೆ.

ಐದು ಗಂಟೆಗೆ ಗೇಟಿನಲ್ಲಿ ಅಣ್ಣನ ಸ್ಕೂಟರ್. ಅಪ್ಪ ಅಮ್ಮ ಹೋದ ಮೇಲೆ ಎತ್ತಿ ಆಡಿಸಿದ ಅಣ್ಣ, ಅವಳ ಪಾಲಿನ ಬೆನ್ನುಮೂಳೆ. ಎದುರಾಡುವುದು ಹೇಗೆ? ಈ ಅಸ್ಥಿಪಂಜರ ನಿಂತ ಮೇಲೆ ಕೆಲಸ ಬಿಟ್ಟು ಮನೆಯಲ್ಲಿರು ಎಂದು ಅವನು ಹೇಳಿಬಿಟ್ಟಿದ್ದ. ಕಿಟಕಿಗೆ ಕಂಬಿಯಿದ್ದ ಈ ಕೋಣೆ, ಕಂಬಿಯಿಲ್ಲದಿದ್ದರೂ ಹೊರಬರಲಾಗದ ಆ ಮನೆ, ನಡುವೆ ಹದಿನೈದು ನಿಮಿಷದ ರಸ್ತೆ. ಅವಳ ಲೋಕ ಅಷ್ಟೇ.

ಅದಕ್ಕೇ ಮಣಿಕಟ್ಟಿನ ಸರದಿ ಬಂದಾಗ ಅವಳ ಕೈ ಬೇಕೆಂದೇ ತಪ್ಪಿತು. ಒಂದೊಂದು ಮಣಿಕಟ್ಟಿನಲ್ಲೂ ಎಂಟು ಪುಟ್ಟ ಮೂಳೆಗಳು, ಅದರಲ್ಲಿ ದೋಣಿಯ ಹಾಗೆ ಬಾಗಿದ್ದೊಂದು. ಎಡಗೈಯ ದೋಣಿಯನ್ನು ಬಲಕ್ಕೆ, ಬಲಗೈಯದನ್ನು ಎಡಕ್ಕೆ ಕೊಟ್ಟಳು. ಶನಿವಾರ ನೋಡಲು ಬಂದ ಪ್ರೊಫೆಸರ್ ಮೇಡಂ ತಂತಿಯವನನ್ನು ತರಾಟೆಗೆ ತೆಗೆದುಕೊಂಡರು. ಅವನು ತಪ್ಪು ತನ್ನದೇ ಎಂಬಂತೆ ಎರಡೂ ಮಣಿಕಟ್ಟು ಬಿಚ್ಚಿದ. ಮುಂದಿನ ವಾರವೂ ಅದೇ ತಪ್ಪು, ಅದೇ ಬೈಗುಳ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಕರೆಸುತ್ತೇನೆ ಎಂದು ಹೇಳಿ ಮೇಡಂ ಮೆಟ್ಟಿಲೇರಿದರು. ಇನ್ನೂ ಮುಗಿಯಲಿಲ್ಲವೇ ಎಂದ ಅಣ್ಣನಿಗೆ, ಎರಡು ಸಲವೂ ಕೈ ಉಲ್ಟಾ ಕಟ್ಟಿದ್ದರು ಎಂದಷ್ಟೇ ಅವಳು ಹೇಳಿದಳು.

ಸೋಮವಾರ ಅವಳು ಎರಡು ಮುಷ್ಟಿಯಲ್ಲಿ ಎರಡು ದೋಣಿ ಹಿಡಿದು ನಿಂತಳು. ಅವನು ತಲೆಯೆತ್ತದೆ ತಂತಿ ಸುತ್ತುತ್ತಿದ್ದ.

“ಇವತ್ತು ಯಾವುದು ಕೊಡ್ತೀರಿ?”

“ಗೊತ್ತಿತ್ತಾ?”

“ಹದಿನೇಳು ಅಸ್ಥಿಪಂಜರ ಕಟ್ಟಿದ ಕೈ ಇದು. ಕಣ್ಣು ಮುಚ್ಚಿ ಎಡ ಬಲ ಹೇಳ್ತೀನಿ.”

“ಮತ್ತೆ ಯಾಕೆ ಕಟ್ಟಿದ್ರಿ? ಬೈಸ್ಕೊಳ್ಳೋ ಆಸೆಗಾ?”

“ಇನ್ನೊಂದು ವಾರ ಸಿಗುತ್ತಲ್ಲ ಅಂತ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಣ್ಣನ ಮಾತು, ಮನೆ, ಸ್ಕೂಟರಿನ ಹಿಂದೆ ಕೂತರೆ ಉಸಿರೇ ಒಳಗೆ ಸಿಕ್ಕಿಕೊಳ್ಳುವುದು, ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತ ಕೇಳುತ್ತ ಪಕ್ಕೆಲುಬುಗಳ ಗೂಡಿನ ಮೇಲೆ ಕೈಯಿಟ್ಟ.

“ಇದೂ ಗೂಡೇ. ಗುಂಡಿಗೆ ಕಾಯೋಕೆ ಇರೋದು, ನಿಮ್ಮಣ್ಣನ ಹಾಗೆ. ಆದ್ರೆ ಮುಂದೆ ನೋಡಿ, ಇಲ್ಲಿ ದೇವರು ಮೆದು ಮೂಳೆ ಇಟ್ಟಿದ್ದ. ಉಸಿರೆಳೆದಾಗ ಅಗಲ ಆಗ್ಲಿ ಅಂತ. ಉಸಿರು ಮಾತ್ರ ನಾವೇ ಎಳೀಬೇಕು.” ತಂತಿ ಕೆಳಗಿಟ್ಟು ಅಂದ: “ನನ್ನ ಜೊತೆ ಬರ್ತೀರಾ ಅಂತ ಕೇಳೋಕೆ ಎರಡು ತಿಂಗಳಿಂದ ತಂತಿ ಸುತ್ತುತಾ ಇದೀನಿ.”

ಅವಳು ಬಲ ಮುಷ್ಟಿ ಬಿಚ್ಚಿದಳು. ಬಲಗೈಯ ದೋಣಿಯನ್ನು ಬಲಗೈ ಕಟ್ಟುತ್ತಿದ್ದವನ ಅಂಗೈಯಲ್ಲಿಟ್ಟಳು, ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಐದಕ್ಕೆ ಇಬ್ಬರೂ ಮೆಟ್ಟಿಲೇರಿ ಗೇಟಿಗೆ ಬಂದರು. ಅಣ್ಣ ಎಂಜಿನ್ ನಿಲ್ಲಿಸದೆಯೇ ಕಾಯುತ್ತಿದ್ದ. ತಂಗಿಯ ಪಕ್ಕದಲ್ಲಿ ತಂತಿ ಸುರುಳಿ ಹಿಡಿದು ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಎರಡು ಸಲ ಕೈ ಉಲ್ಟಾ ಕಟ್ಟಿದವರು ಇವರೇನಾ?”

ಅವಳು ಪಕ್ಕೆ ಅಗಲವಾಗುವಷ್ಟು ಉಸಿರೆಳೆದುಕೊಂಡಳು.

“ಕಟ್ಟಿದ್ದು ಇವರು, ಅಣ್ಣಾ. ಉಲ್ಟಾ ಕೊಟ್ಟಿದ್ದು ನಾನು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಇಳಿದು ಬಾ.”

ಅಣ್ಣ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ, ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ.