ದ್ರಾಕ್ಷಿ ಗರ್ಭ

ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವ ಕೋಣೆಯಿಂದ ಹೊರಬಂದ ಮಾಯಾ ಬಾಗಿಲಲ್ಲೇ ನಿಂತುಬಿಟ್ಟಳು.

ಎದುರಿನ ಬೆಂಚಿನ ಮೇಲೆ ಸುಜಯ!

ತನ್ನನ್ನು ಖಾನಾಪುರದ ತವರಿಗೆ ಬಿಟ್ಟು, ಮತ್ತೆ ಇಣುಕಿಯೂ ನೋಡದ ಗಂಡ.

ಚಿಕಿತ್ಸೆಯ ಹೊತ್ತಿನಲ್ಲಿ ತಲೆ ಅಲುಗದಂತೆ ಮುಖಕ್ಕೆ ಬಿಗಿದಿದ್ದ ಜಾಲರಿಯ ಗುರುತು ಅವಳ ಕೆನ್ನೆಯ ಮೇಲೆ ಇನ್ನೂ ಕೆಂಪಗಿತ್ತು. ಕೂದಲು ಉದುರಿದ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾಕ ಬಂದ್ರಿ? ಸತ್ತಾಳೋ ಇಲ್ಲೋ ನೋಡಾಕೇನು?"

"ಹಂಗನಬ್ಯಾಡ ಮಾಯಾ... ತಲ್ಯಾಗ ಗಡ್ಡಿ ಆಗೇತಿ ಅಂತ ನಿಮ್ಮವ್ವ ನಿನ್ನೆ ಹೇಳಿದ್ರು."

ಹೇಳಬೇಡ ಎಂದು ತಾಯಿಗೆ ಆಣೆ ಹಾಕಿದ್ದವಳು ಮಾಯಾಳೇ!

ಹೋದ ವರ್ಷ ಅವಳು ಬಸುರಿಯಾದಾಗ ರಾಮತೀರ್ಥ ನಗರದ ಬಾಡಿಗೆ ಮನೆಯಲ್ಲಿ ಎಷ್ಟು ಸಡಗರವಿತ್ತು! ಆದರೆ ಸ್ಕ್ಯಾನಿಂಗ್‌ನಲ್ಲಿ ಮಗು ಕಾಣಲಿಲ್ಲ. ಗರ್ಭಕೋಶದ ತುಂಬ ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು... ದ್ರಾಕ್ಷಿ ಗರ್ಭ ಅಂದರು. ಅದನ್ನು ತೆಗೆದರು. ಇಂಥ ಅಪರೂಪದ ಬಸಿರುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಪ್ರಮಿಳಾ, ಗಂಡ-ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು.

ಫಲಿತಾಂಶ ಕೇಳಲು ಸುಜಯ ಒಬ್ಬನೇ ಹೋಗಿದ್ದ. ಬಂದವನು ಅವಳ ಮುಖ ನೋಡಲಿಲ್ಲ. "ತವರಾಗ ಆರಾಮ ತಗೋ" ಎಂದು ಬಿಟ್ಟು, ದೇಸೂರಿನ ತನ್ನ ಸಾಲಿ ಮಾಸ್ತರಿಕೆಗೆ ಮರಳಿದ.

ತವರಿನಲ್ಲೇ ಅವಳಿಗೆ ತಲೆನೋವು ಶುರುವಾಯಿತು. ಗುಳ್ಳೆಗಳನ್ನು ತೆಗೆದ ಮೇಲೂ ಒಳಗೆ ಉಳಿದಿದ್ದ ರೋಗ ಕ್ಯಾನ್ಸರ್ ಆಗಿ ಮೆದುಳಿಗೆ ಹಬ್ಬಿತ್ತು.

"ನನ್ನ ಹೊಟ್ಯಾಗ ವಿಷ ಐತಿ ಅಂತ ಬಿಟ್ರಿ. ಹೌದಲ್ರಿ?"

"ನಿಂದಲ್ಲ, ನಂದು!" ಸುಜಯನ ದನಿ ಒಡೆಯಿತು. "ಆವತ್ತ ಡಾಕ್ಟರು ಹೇಳಿದ್ರು, ನಿನ್ನ ತತ್ತಿಯೊಳಗ ಏನೂ ಇರಲಿಲ್ಲಂತ. ಬೆಳದಿದ್ದೆಲ್ಲಾ ನನ್ನ ಕಡೆಯಿಂದನ ಬಂದದ್ದಂತ. ನಿನ್ನ ತಿನ್ನಾಕತ್ತಿದ್ದು ನಾನು... ಯಾವ ಮಾರಿ ಇಟಗೊಂಡು ಮುಂದ ನಿಲ್ಲಲಿ?"

ಮಾಯಾ ದಂಗಾದಳು. ಇಷ್ಟು ದಿನ ತಾನು ಶಪಿಸಿಕೊಂಡದ್ದು ತನ್ನ ಒಡಲನ್ನೇ!

ಅಷ್ಟರಲ್ಲಿ ಮಾಯಾಳನ್ನು ನೋಡಲು ಬಂದ ಪ್ರಮಿಳಾ, ಆ ಮಾತು ಕೇಳಿ ನಿಂತರು.

"ಅರ್ಧ ಕೇಳಿ ಎದ್ದು ಹೋದ್ರಿ ಸುಜಯ. ತತ್ತಿ ಖಾಲಿ ಇದ್ದದ್ದು ಈಕಿ ತಪ್ಪಲ್ಲ, ಹಿಂಗ ಬೆಳದದ್ದು ನಿಮ್ಮ ತಪ್ಪಲ್ಲ. ಯಾರೂ ಮಾಡಿದ್ದಲ್ಲ ಇದು. ಈ ರೋಗ ಔಷಧಕ್ಕ ಬಗ್ಗತೈತಿ. ಧೈರ್ಯಾ ತಗೋರಿ."

ಅವರು ಒಳಗೆ ಹೋದ ಮೇಲೆ ಮಾಯಾ ಮೆಲ್ಲಗೆ ಅವನ ಬಾಜು ಕುಳಿತಳು.

"ಹೇಳಬೇಕಿತ್ತು ನೀವು. ಬೈತಿದ್ದೆ, ಅಳತಿದ್ದೆ... ಆದ್ರ ಒಬ್ಬಾಕಿನ ಬಿದ್ದಿರತಿರಲಿಲ್ಲ."

"ತಪ್ಪಾತು..." ಅವನು ಮಗುವಿನಂತೆ ಅತ್ತ.

ಅಂದಿನಿಂದ ಚಿಕಿತ್ಸೆಯಿದ್ದ ದಿನಗಳಲ್ಲೆಲ್ಲ ಅವನು ಆಸ್ಪತ್ರೆಯ ಬಾಗಿಲು ಬಿಟ್ಟು ಕದಲಲಿಲ್ಲ. ಕರೆಂಟ್ ಮುಗಿಯಿತು, ಸಲೈನಿನಲ್ಲಿ ಕೊಡುವ ಔಷಧ ತಿಂಗಳುಗಟ್ಟಲೆ ನಡೆಯಿತು. ಕೊನೆಗೊಂದು ದಿನ ರಕ್ತದಲ್ಲಿ ರೋಗದ ಸುಳಿವಿಲ್ಲ ಎಂದರು ಪ್ರಮಿಳಾ. ಪರೀಕ್ಷೆಗಳು ಮಾತ್ರ ಮುಂದುವರಿಯಬೇಕಿತ್ತು.

ಮರುದಿನವೇ ಸುಜಯ ಅವಳನ್ನು ಕರೆದೊಯ್ಯಲು ಖಾನಾಪುರದ ತವರಿಗೆ ಬಂದ. ಮಾಯಾ ಹೊಸ್ತಿಲಲ್ಲಿ ನಿಂತಿದ್ದಳು.

"ಮಕ್ಕಳಾಗಲಿಲ್ಲಂದ್ರ?"

"ಇಬ್ರ ಇರೂಣು."

"ಮತ್ತ ಬಸರಾದ್ರ?"

"ಹೆದರಿಕಿ ಆಕ್ಕೈತಿ, ಮಾಯಾ."

"ನಂಗೂ ಆಕ್ಕೈತಿ..." ಅವಳು ಅವನ ಕೈ ಹಿಡಿದಳು. "ಹೆದರಿಕಿ ಆದ್ರ ನಂಗ ಹೇಳ್ರಿ. ಬಿಟ್ಟು ಹೋಗಬ್ಯಾಡ್ರಿ."

"ಹೇಳತೀನಿ. ಖರೇ ಹೇಳತೀನಿ."

"ಹಂಗಾರ ನಡೀರಿ, ನಮ್ಮ ಮನಿಗೆ ಹೋಗೂಣು."