ಕಂಚಿನ ಪಾತ್ರೆಯ ತೀರ್ಥ

1934ರ ಅಕ್ಟೋಬರ್ 17, ಬುಧವಾರ ಬೆಳಿಗ್ಗೆ ಪುಣೆಯ ಸದಾಶಿವ ಪೇಟೆಯ ಬಿಂದುಮಾಧವ ಶಾಸ್ತ್ರಿಗಳು ದೂರು ಹೊತ್ತು ಠಾಣೆಗೆ ಬಂದರು. ಹಿಂದೆ ಅವರ ಶಿಷ್ಯಮಂಡಳಿ: ವಕೀಲರು, ಹೆಡ್‌ಮಾಸ್ತರರು, ಒಬ್ಬ ರಾವ್ ಬಹಾದ್ದೂರ್. ಧಾರವಾಡದ ಕಡೆಯಿಂದ ಬಂದು ನೆಲೆಸಿದ ಈ ದೊಡ್ಡ ಮನುಷ್ಯರು ದೇವಿಯನ್ನು ದಕ್ಷಿಣಾಚಾರದಲ್ಲಿ ಪೂಜಿಸುತ್ತಿದ್ದರು. ಎಂದರೆ, ತಂತ್ರವು ಮದ್ಯ ಕೇಳಿದ ಕಡೆ ಕಂಚಿನ ಪಾತ್ರೆಯಲ್ಲಿ ತೆಂಗಿನಕಾಯಿಯ ನೀರಿಟ್ಟು ಅದನ್ನೇ ಮದ್ಯವೆಂದು ಭಾವಿಸುವುದು. ದೇವಿಗೂ ಟೋಪಿ, ನಾಲಿಗೆಗೂ ಟೋಪಿ ಎಂದುಕೊಂಡರು ಇನ್ಸ್‌ಪೆಕ್ಟರ್ ಪಂಢರಿನಾಥ ಕಟ್ಟಿ.

"ನಿನ್ನೆ ಸಂಜಿ ಪೂಜಾದಾಗ ಯಾರೋ ಪಾತ್ರೆಯೊಳಗ ಖರೇನ ಶೆರೆ ಹಾಕ್ಯಾರ," ಎಂದರು ಶಾಸ್ತ್ರಿಗಳು. "ಕಾತ್ರಜದ ಆ ವಾಮಾಚಾರಿ ಈರಣ್ಣಂದ ಕೆಲಸ. ಬರಕೋರ್ರಿ."

"ಎಷ್ಟು ಮಂದಿ ಕುಡದ್ರಿ?"

"ತೀರ್ಥ ತಗೊಂಡವರು ಇಪ್ಪತ್ತೆರಡು ಮಂದಿ."

"ಉಗುಳಿದವರು?"

"ಯಾರೂ ಇಲ್ಲ."

"ಮತ್ತ ಗೊತ್ತಾದದ್ದು ಹೆಂಗ್ರಿ?"

"ಮೂರನೇ ಸಲ ತೀರ್ಥ ತಗೊಂಡಮ್ಯಾಲ ವಕೀಲರು ಲಾವಣಿ ಹಾಡ್ಲಿಕ್ಕೆ ಹತ್ತಿದ್ರು."

ಹವಾಲ್ದಾರ ಶಿವಪ್ಪ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ತಿಳಿಯದಂತೆ ಮಾದಕ ಪದಾರ್ಥ ಕುಡಿಸಿದ ಆರೋಪಕ್ಕೆ ಕಲಂ 328ರ ಕೆಳಗೆ ಎಫ್‌ಐಆರ್ ದಾಖಲಾಯಿತು.

ಈರಣ್ಣನ ಗುಡಿಸಲು ಕಾತ್ರಜ ಘಟ್ಟದ ಬುಡದಲ್ಲಿತ್ತು. ಕೆಂಪು ಪಂಚೆ, ಹಣೆ ತುಂಬ ಕುಂಕುಮ, ಪಕ್ಕದಲ್ಲಿ ಸಾರಾಯಿ ಗಡಿಗೆ. ಕಟ್ಟಿಯವರಿಗೆ ಇವನನ್ನು ಕಂಡರೂ ಮೈ ಉರಿಯಿತು. ಅವನೋ, ಆರೋಪ ಕೇಳಿ ಮೂಗು ಮುರಿದ.

"ಮಂತ್ರದ್ಲೆ ಶುದ್ಧಿ ಮಾಡಲಾರದ ಶೆರೆ ಮುಟ್ಟೂದು ನಮ್ಮಾಗ ಮಹಾಪಾಪ ರೀ. ದೀಕ್ಷಾ ಇಲ್ಲದವರಿಗೆ ಒಂದು ಹನಿ ಕೊಡಾಂಗಿಲ್ಲ."

ಇವನಿಗೂ ಒಂದು ಮಡಿ. ಬಲಮಾರ್ಗದ ಶಾಸ್ತ್ರಿಗಳದು ಕಂಚಿನಲ್ಲಿ, ಎಡಮಾರ್ಗದ ಇವನದು ಗಡಿಗೆಯಲ್ಲಿ, ಅಷ್ಟೇ ವ್ಯತ್ಯಾಸ.

"ಶಾಸ್ತ್ರಿಗಳ ಕಡೆಯವರು ಯಾರರ ಬರ್ತಿದ್ರೇನು?"

"ಶ್ಯಾಮ ಅಂತ ಒಬ್ಬಾವ ಬರ್ತಿದ್ದ. ಶೆರೆ ಮುಟ್ಟಿದ ಅಂತ ಅವರು ಬಹಿಷ್ಕಾರ ಹಾಕಿದ್ರು. ಶ್ರಾವಣದಾಗ ಜ್ವರ ಬಂದು ಸತ್ತ. ಅವರವ್ವ ಗಂಗೂಬಾಯಿ ಆ ಶಾಸ್ತ್ರಿ ಮನ್ಯಾಗ ಅಡಿಗಿ ಮಾಡ್ತಾಳ್ರಿ."

"ಹೆಣಕ್ಕ ನೀ ಹೆಗಲು ಕೊಟ್ಟೇನು?"

"ಅನುಷ್ಠಾನದಾಗ ಇದ್ದೆ ರೀ. ಸೂತಕ ಮುಟ್ಟಂಗಿರಲಿಲ್ಲ."

ಕಟ್ಟಿಯವರಿಗೆ ಅಲ್ಲೇ ಉಗುಳಬೇಕೆನಿಸಿತು. ಯೂನಿಫಾರ್ಮಿನ ಮರ್ಯಾದೆಗೆ ಸುಮ್ಮನಾದರು.

ಮಧ್ಯಾಹ್ನ ಶಾಸ್ತ್ರಿಗಳ ಮನೆಯಲ್ಲಿ ಪಂಚರ ಎದುರು ಪಂಚನಾಮೆ ನಡೆಯಿತು. ಹಿತ್ತಲಿಗೆಸೆದ ಕಂಚಿನ ಪಾತ್ರೆ ಇನ್ನೂ ನಾರುತ್ತಿತ್ತು. ಪೂಜೆಗೆಂದು ತಂದ ತೆಂಗಿನಕಾಯಿಗಳು ಅಡಿಗೆಮನೆಯ ಬುಟ್ಟಿಯಲ್ಲಿ ಶಿವಪ್ಪನಿಗೆ ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ. ಪಾತ್ರೆ ತುಂಬಿಸುವ ಕೆಲಸ ಯಾರದೆಂದು ಕೇಳಿದಾಗ ಎಲ್ಲರೂ ಒಲೆಯ ಕಡೆ ನೋಡಿದರು.

ತಲೆ ಬೋಳಿಸಿದ, ಕೆಂಪು ಸೀರೆಯ ಮುದುಕಿ ಗಂಗೂಬಾಯಿ ಎದ್ದು ನಿಂತಳು. "ನಾನ ಹಾಕಿದ್ದು ರೀ. ಶೆರೆ ಭಟ್ಟಿಯವನ ಕಡಿಂದ ತಂದಿದ್ದೆ."

ಶಾಸ್ತ್ರಿಗಳು ಕಟ್ಟಿಯವರನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿದರು. "ಮನಿ ಮಾತು ಮನ್ಯಾಗ ಇರಲಿ. ಆರೋಪಿ ಈರಣ್ಣನ ಆಗಲಿ. ಸರಳ ಆಗ್ತದ."

"ನನಗೂ ಸರಳ ಆಗ್ತದ್ರಿ. ಆದರ ಕೋರ್ಟಿನ್ಯಾಗ ನೀವು ಇಪ್ಪತ್ತೆರಡೂ ಮಂದಿ ಸಾಕ್ಷಿ. ಯಾಕ ಉಗುಳಲಿಲ್ಲ ಅಂತ ಎದುರಿನ ವಕೀಲ ಕೇಳ್ತಾನ. ಉತ್ತರ ತಯಾರ ಇಟ್ಟುಕೋರ್ರಿ."

ಸಂಜೆಗೆ ಗಂಗೂಬಾಯಿಯನ್ನು ಬಂಧಿಸಿ ಠಾಣೆಗೆ ತಂದರು. ಶಿವಪ್ಪ ನೀರು ಕೊಟ್ಟ. ಅವಳು ಕುಡಿಯಲಿಲ್ಲ.

"ಯಾಕ ಹಾಕಿದಿ, ಗಂಗೂಬಾಯಿ?"

"ಮಗ ಇವರ ಕಾಲು ಹಿಡದಿದ್ದ ರೀ, ಪ್ರಾಯಶ್ಚಿತ್ತ ಕೊಡ್ರಿ ಅಂತ. ಶೆರೆ ಕುಡದವಗ ಪ್ರಾಯಶ್ಚಿತ್ತನ ಇಲ್ಲ ಅಂದ್ರು. ಅವನ ಹತ್ರ ಹೋದ್ರ ನನ್ನನ್ನೂ ಹೊರಗ ಹಾಕ್ತೀವಿ ಅಂದ್ರು. ನಾ ಹೋಗಲಿಲ್ಲ. ಜ್ವರದಾಗ ನೀರು ಕೊಡ್ಲಿಕ್ಕೂ ಹೋಗಲಿಲ್ಲ. ಹೆಣ ಮುನಸಿಪಾಲ್ಟಿ ಗಾಡಿ ಒಯ್ತು. ಇವರೂ ಅವನಂಗ ಕೆಡಲಿ, ಯಾರೂ ಮುಟ್ಟದಂಗಾಗಲಿ ಅಂತ ಹಾಕಿದೆ."

"ಆಮ್ಯಾಲೆ?"

"ಇವತ್ತ ನಸುಕಿನ್ಯಾಗ ಎಲ್ಲಾರೂ ಕೂತು ಪಂಚಗವ್ಯ ಕುಡದ್ರು. ಜನಿವಾರ ಬದಲಿಸಿದ್ರು. ಮಡಿ ಆದ್ವಿ ಅಂದ್ರು. ಸಗಣಿ, ಗೋಮೂತ್ರ ಕಲಸಿ ಕೊಟ್ಟಾಕಿ ನಾನ." ಅವಳು ತನ್ನ ಕೈ ನೋಡಿಕೊಂಡಳು. "ಪ್ರಾಯಶ್ಚಿತ್ತ ಇಷ್ಟ ಇತ್ತು ರೀ. ಒಂದು ಬಟ್ಟಲ. ಇಷ್ಟ ಅಂತ ಗೊತ್ತಿದ್ದರ ನಾನ ಒಯ್ದು ಮಗಗ ಕುಡಸ್ತಿದ್ದೆ."

ಶ್ರಾವಣದಿಂದ ತಡೆದಿಟ್ಟ ಅಳು ಆಗ ಬಂತು. ಕಟ್ಟಿಯವರು ಹೇಳಿಕೆ ಬರೆಯುವುದನ್ನು ನಿಲ್ಲಿಸಿ, ಅದು ಮುಗಿಯುವವರೆಗೆ ಕಾದರು.